ನಾಲ್ಕು ಗಜದೊಳಗಿನ ಯುದ್ಧ

ಸಿನಿಮಾ ಕಮಾಂಡೋಗಳನ್ನು ನಾವೆಲ್ಲ ನೋಡಿದವರೇ. ಅಣ್ಣಾವ್ರ ಸಿ.ಐ.ಡಿ. 999 ಕಾಲದಿಂದ ಇವತ್ತಿನ ಓಟಿಟಿ ಸೀರೀಸ್‌ಗಳವರೆಗೂ ಕಥೆ ಹೆಚ್ಚುಕಮ್ಮಿ ಒಂದೇ. ಹೀರೋ ಬಾಗಿಲು ಒದೆಯುತ್ತಾನೆ, ಒಳಗೆ ನುಗ್ಗುತ್ತಾನೆ, ಎಡಕ್ಕೊಂದು ಬಲಕ್ಕೊಂದು ಢಂ ಢಂ ಅನ್ನಿಸುತ್ತಾನೆ, ಹತ್ತು ಜನ ಉರುಳುತ್ತಾರೆ. ಅದೇ ಕೋಣೆಯಲ್ಲಿ ಕಟ್ಟಿಹಾಕಿದ್ದ ಹೀರೋಯಿನ್‌ಗೆ ಮಾತ್ರ ಒಂದು ಗೀರೂ ಆಗಿರುವುದಿಲ್ಲ! ಅದು ಹೇಗೆ ಸಾಧ್ಯ ಅಂತ ನಾವ್ಯಾರೂ ಕೇಳುವುದಿಲ್ಲ. ಟಿಕೆಟ್ ದುಡ್ಡಿನಲ್ಲಿ ಅದೂ ಸೇರಿದೆ ಅಂದುಕೊಂಡು ಸುಮ್ಮನಾಗುತ್ತೇವೆ.

ತಮಾಷೆ ಏನಂದರೆ, ನಿಜವಾದ ವಿಶೇಷ ಪಡೆಗಳ ಚರಿತ್ರೆಯನ್ನು ಓದುತ್ತಾ ಹೋದರೆ ಅವರನ್ನು ಕಾಡಿದ್ದೂ ಇದೇ ಪ್ರಶ್ನೆ. ಕತ್ತಲೆ ಕೋಣೆ, ಹೊಗೆ, ಕಿರುಚಾಟ, ನಾಲ್ಕು ಹೆಜ್ಜೆ ದೂರದಲ್ಲಿ ಒಬ್ಬ ಮನುಷ್ಯ. ಅವನು ಕೊಲ್ಲಲು ಬಂದವನೋ, ಕೊಲೆಯಾಗಲಿರುವವನೋ? ಯೋಚಿಸಲು ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಈ ಪಡೆಗಳ ತರಬೇತಿ, ಬಂದೂಕು, ಉಡುಪು ಎಲ್ಲವೂ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಬೆಳೆದು ಬಂದಿವೆ. ಗುಂಡು ಹೊಡೆಯುವುದನ್ನು ಕಲಿಸಲು ಕೆಲವು ವಾರ ಸಾಕು. ಯಾರಿಗೆ ಹೊಡೆಯಬಾರದು ಅಂತ ಕಲಿಸಲು ಇಡೀ ಒಂದು ಶತಮಾನವೇ ಹಿಡಿದಿದೆ. ಪ್ರತಿ ಪಾಠದ ಹಿಂದೆಯೂ ಯಾರೋ ಸತ್ತಿದ್ದಾರೆ.

ಈ ಕಥೆ ಶುರುವಾಗುವುದು ಸೈನ್ಯದಲ್ಲಿ ಅಲ್ಲ, ಪೊಲೀಸ್ ಇಲಾಖೆಯಲ್ಲಿ. ಅದೂ ಚೀನಾದ ಶಾಂಘೈನಲ್ಲಿ.

ಆಗ ಶಾಂಘೈನ ಒಂದು ದೊಡ್ಡ ಭಾಗ 'ಇಂಟರ್‌ನ್ಯಾಷನಲ್ ಸೆಟ್ಲ್‌ಮೆಂಟ್' ಅನ್ನುವ ಹೆಸರಿನಲ್ಲಿ ವಿದೇಶಿಯರ ಕೈಯಲ್ಲಿತ್ತು. ಅಫೀಮು, ಜೂಜು, ಅಪಹರಣ, ಸಶಸ್ತ್ರ ದರೋಡೆ, ಏನು ಕೇಳಿದರೂ ಅಲ್ಲಿತ್ತು. ಅದನ್ನು ಕಾಯಲು ಶಾಂಘೈ ಮುನಿಸಿಪಲ್ ಪೊಲೀಸ್ ಎಂಬ ಪಡೆ. ಅಧಿಕಾರಿಗಳು ಹೆಚ್ಚಾಗಿ ಬ್ರಿಟಿಷರು, ಪೇದೆಗಳು ಚೀನೀಯರು, ಜೊತೆಗೆ ನಮ್ಮ ಪಂಜಾಬಿನಿಂದ ಹೋದ ಸಿಖ್ಖರ ಒಂದು ದೊಡ್ಡ ದಳ. 1907ರಲ್ಲಿ ಈ ಪಡೆಗೆ ವಿಲಿಯಂ ಫೇರ್‌ಬೇರ್ನ್ ಎಂಬ ಇಂಗ್ಲಿಷಿನವನು ಸೇರಿದ. ಮೊದಲು ರಾಯಲ್ ಮರೀನ್ಸ್‌ನಲ್ಲಿದ್ದವನು. ಕೆಲಸಕ್ಕೆ ಸೇರಿದ ಹೊಸತರಲ್ಲೇ ರಸ್ತೆಯಲ್ಲಿ ಒಂದು ಗುಂಪಿನ ಕೈಗೆ ಸಿಕ್ಕಿ ಸಾಯುವಂತೆ ಏಟು ತಿಂದ. ಚೇತರಿಸಿಕೊಂಡ ಮೇಲೆ ಜಪಾನೀ ಗುರುವೊಬ್ಬರ ಹತ್ತಿರ ಜುಜುತ್ಸು ಕಲಿಯಲು ಹೋದ. ಆಮೇಲಿನದೆಲ್ಲ ಶುರುವಾಗಿದ್ದು ಅಲ್ಲಿಂದಲೇ.

1925ರ ಮೇ 30ರಂದು ಶಾಂಘೈನ ನಾನ್‌ಕಿಂಗ್ ರಸ್ತೆಯಲ್ಲಿ ಪ್ರತಿಭಟನೆ ಮಾಡುತ್ತಿದ್ದ ಗುಂಪಿನ ಮೇಲೆ ಇದೇ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು, ಇಡೀ ಚೀನಾ ಹೊತ್ತಿ ಉರಿಯಿತು. ಚೀನಾದ ಇತಿಹಾಸದಲ್ಲಿ 'ಮೇ 30ರ ಚಳವಳಿ' ಅಂತಲೇ ಅದಕ್ಕೆ ಹೆಸರು. ಅದರ ನಂತರ ಗಲಭೆ ಮತ್ತು ಸಶಸ್ತ್ರ ಘಟನೆಗಳಿಗಾಗಿಯೇ ಫೇರ್‌ಬೇರ್ನ್ ಕೈಕೆಳಗೆ 'ರಿಸರ್ವ್ ಯೂನಿಟ್' ಅನ್ನುವ ಪ್ರತ್ಯೇಕ ದಳ ಹುಟ್ಟಿತು. ಇವತ್ತು ಜಗತ್ತಿನಾದ್ಯಂತ ಇರುವ ಸ್ವಾಟ್ ತಂಡಗಳ ಮುತ್ತಜ್ಜ ಅಂತ ಇದನ್ನು ಕರೆಯಬಹುದು. ನೋಡಿ, ಮೊದಲ ಹೆಜ್ಜೆಯೇ ತಪ್ಪು ಜನರ ಮೇಲೆ ಹಾರಿದ ಗುಂಡಿನಿಂದ!

ಫೇರ್‌ಬೇರ್ನ್ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಲೆಕ್ಕ ಇಟ್ಟಿದ್ದು. ಹನ್ನೆರಡೂವರೆ ವರ್ಷಗಳಲ್ಲಿ ಶಾಂಘೈ ಪೊಲೀಸರಿಗೂ ಸಶಸ್ತ್ರ ಪಾತಕಿಗಳಿಗೂ 666 ಮುಖಾಮುಖಿಗಳು ನಡೆದವು. ಪೊಲೀಸರ ಕಡೆ 42 ಸಾವು, ಪಾತಕಿಗಳ ಕಡೆ 260. ಫೇರ್‌ಬೇರ್ನ್ ಮತ್ತು ಅವನ ಗೆಳೆಯ ಎರಿಕ್ ಸೈಕ್ಸ್ ಈ ಘಟನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಅದುವರೆಗೆ ಪೊಲೀಸರಿಗೂ ಸೈನಿಕರಿಗೂ ಪಿಸ್ತೂಲು ಕಲಿಸುತ್ತಿದ್ದ ರೀತಿಯೇ ದಂಡ ಅಂತ ಗೊತ್ತಾಯಿತು.

ಆಗ ಮೈದಾನದಲ್ಲಿ ಕಲಿಸುತ್ತಿದ್ದದ್ದು ಹೀಗೆ: ನೆಟ್ಟಗೆ ನಿಲ್ಲು, ತೋಳು ಚಾಚು, ಉಸಿರು ಬಿಗಿಹಿಡಿ, ನಳಿಗೆಯ ಮೇಲಿನ ಗುರಿಮುಳ್ಳನ್ನು ದೂರದ ವೃತ್ತಕ್ಕೆ ಕೂಡಿಸು, ಮೆಲ್ಲಗೆ ಟ್ರಿಗರ್ ಒತ್ತು. ಆದರೆ ಶಾಂಘೈನ ಗಲ್ಲಿಗಳಲ್ಲಿ ಗುಂಡಿನ ಚಕಮಕಿ ನಡೆಯುತ್ತಿದ್ದದ್ದು ಬಹುಪಾಲು ನಾಲ್ಕು ಗಜದೊಳಗೆ, ಎಷ್ಟೋ ಸಲ ಅದಕ್ಕಿಂತಲೂ ಹತ್ತಿರದಿಂದ. ನಾಲ್ಕು ಗಜ ಅಂದರೆ ಎಷ್ಟು? ನಮ್ಮ ಮನೆಯ ನಡುಮನೆಯ ಆ ಗೋಡೆಯಿಂದ ಈ ಗೋಡೆಗೆ. ಹೆಚ್ಚಾಗಿ ಕತ್ತಲೆ. ಓಡಿ ಬಂದು ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹೆದರಿದ ಮನುಷ್ಯ ತಾನಾಗಿಯೇ ಮೈ ಕುಗ್ಗಿಸುತ್ತಾನೆ, ಪಿಸ್ತೂಲನ್ನು ಬಿಗಿಯಾಗಿ ಹಿಸುಕುತ್ತಾನೆ, ಎರಡೂ ಕಣ್ಣು ಎದುರಾಳಿಯ ಮೇಲೆಯೇ ನೆಟ್ಟಿರುತ್ತವೆ. ಗುರಿಮುಳ್ಳು ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಮೊದಲ ಗುಂಡು ಹಾರಿಸಲು ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡವನು ಬದುಕುವುದು ಕಷ್ಟ ಅನ್ನುವುದು ಅವರ ಲೆಕ್ಕ.

ಹಾಗಾಗಿ ಇಬ್ಬರೂ ಮನುಷ್ಯನ ಸ್ವಭಾವದ ವಿರುದ್ಧ ಹೋಗುವುದನ್ನು ಬಿಟ್ಟು, ಸ್ವಭಾವವನ್ನೇ ಬಳಸಿಕೊಂಡರು. ಕುಗ್ಗಿ ನಿಲ್ಲು, ಬೆರಳು ತೋರಿಸುವಂತೆ ಪಿಸ್ತೂಲು ತೋರಿಸು, ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸು. ಮಗು ಕೂಡ ಚಂದಿರನಿಗೆ ಬೆರಳು ಸರಿಯಾಗಿಯೇ ತೋರಿಸುತ್ತದಲ್ಲ, ಅದೇ ತತ್ವ. ಇದಕ್ಕೆ 'ಪಾಯಿಂಟ್ ಶೂಟಿಂಗ್' ಅಂತ ಹೆಸರಾಯಿತು. ಗಡಿಬಿಡಿಯಲ್ಲಿ ಪಿಸ್ತೂಲಿನ ಸೇಫ್ಟಿ ಕ್ಯಾಚನ್ನು ಸರಿಸುವುದು ಮರೆತು ಸತ್ತವರನ್ನು ನೋಡಿ, ಅದನ್ನು ಅಲ್ಲಾಡದಂತೆ ಪಿನ್ ಹೊಡೆದು ಕೂರಿಸಿಬಿಟ್ಟರು. ಬದಲಿಗೆ ಗುಂಡನ್ನು ಚೇಂಬರಿಗೆ ಏರಿಸದೆ ಇಟ್ಟುಕೊಳ್ಳುವುದು, ಬೇಕಾದಾಗ ತೆಗೆಯುತ್ತಲೇ ಸ್ಲೈಡ್ ಎಳೆಯುವುದು. ಮೈದಾನದ ಬದಲು ಓಡಿಸಿ, ದಣಿಸಿ, ಕತ್ತಲೆಗೆ ಬಿಟ್ಟು, ದಿಢೀರನೆ ಎದ್ದು ನಿಲ್ಲುವ ಗುರಿಗಳಿಗೆ ಹೊಡೆಸುವ ಅಭ್ಯಾಸ.

1940ರಲ್ಲಿ ಈ ಇಬ್ಬರು ನಡುವಯಸ್ಸು ದಾಟಿದ ಪೊಲೀಸರು ಇಂಗ್ಲೆಂಡಿಗೆ ಮರಳಿದರು. ಡನ್‌ಕರ್ಕ್‌ನಿಂದ ಸೋತು ಬಂದ ಬ್ರಿಟನ್‌ಗೆ ಆಗ ಇಂಥವರೇ ಬೇಕಾಗಿತ್ತು. ಸ್ಕಾಟ್‌ಲೆಂಡಿನ ಲೊಖೈಲೋರ್ಟ್ ಎಂಬಲ್ಲಿ ಹೊಸದಾಗಿ ಹುಟ್ಟಿದ ಕಮಾಂಡೋ ಪಡೆಗಳಿಗೆ ಕೈಕೈ ಮಿಲಾಯಿಸುವ ವಿದ್ಯೆ ಮತ್ತು ಪಿಸ್ತೂಲು ಎರಡನ್ನೂ ಕಲಿಸಿದರು. ಇಬ್ಬರೂ ಸೇರಿ ರೂಪಿಸಿದ ಎರಡಲಗಿನ ಕಠಾರಿಯನ್ನು ವಿಲ್ಕಿನ್ಸನ್ ಕಂಪನಿ ತಯಾರಿಸಿತು (ಹೌದು, ಶೇವಿಂಗ್ ಬ್ಲೇಡಿನ ವಿಲ್ಕಿನ್ಸನ್ ಹೆಸರೇ!). ಆ ಕಠಾರಿ ಎಷ್ಟು ಹೆಸರು ಮಾಡಿತೆಂದರೆ ಜಗತ್ತಿನ ಎಷ್ಟೋ ವಿಶೇಷ ಪಡೆಗಳ ಲಾಂಛನದಲ್ಲಿ ಈಗಲೂ ಕಮಾಂಡೋ ಕಠಾರಿ ಇದೆ. 2019ರ ವಿಶ್ವಕಪ್ಪಿನಲ್ಲಿ ಧೋನಿಯ ಗ್ಲೌಸ್ ಮೇಲಿದ್ದ ಚಿಹ್ನೆಗೆ ಐಸಿಸಿ ತಕರಾರು ತೆಗೆದದ್ದು ನೆನಪಿದೆಯಲ್ಲ? ಅದು ನಮ್ಮ ಪ್ಯಾರಾ ವಿಶೇಷ ಪಡೆಯ 'ಬಲಿದಾನ್' ಲಾಂಛನ. ಅದರಲ್ಲಿರುವುದೂ ರೆಕ್ಕೆಯುಳ್ಳ ಕಠಾರಿಯೇ. ಅಂದ ಹಾಗೆ, ಆ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ.

ಆಮೇಲೆ ಫೇರ್‌ಬೇರ್ನ್ ಅಮೆರಿಕಕ್ಕೆ ಹೋಗಿ ಅಲ್ಲಿನ ಗುಪ್ತಚರರಿಗೂ ಕಲಿಸಿದ. ಅವನ ತರಬೇತಿ ಮನೆಗೆ ಅಲ್ಲಿಯವರು ಇಟ್ಟ ಹೆಸರು 'ಹೌಸ್ ಆಫ್ ಹಾರರ್ಸ್'. ಕತ್ತಲೆ ಓಣಿ, ವಿಚಿತ್ರ ಸದ್ದು, ಥಟ್ಟನೆ ಎದುರಾಗುವ ನಾಝಿ ಸೈನಿಕನ ಗೊಂಬೆ. ಇಲ್ಲೊಂದು ವಿಷಯ ಗಮನಿಸಿ. ಯುದ್ಧಕಾಲದ ಆ ಮನೆಯಲ್ಲಿ ಎದುರಾದವನೆಲ್ಲ ಶತ್ರುವೇ. ಕಂಡ ಕೂಡಲೇ ಹೊಡೆಯಬೇಕು, ಅಷ್ಟೇ. ಯಾರನ್ನೋ ಉಳಿಸಬೇಕು ಅನ್ನುವ ಮಾತು ಆ ಪಾಠದಲ್ಲಿರಲಿಲ್ಲ.

ಯುದ್ಧ ಮುಗಿದ ಮೇಲೆ ಈ ವಿದ್ಯೆ ಎರಡು ಕವಲಾಗಿ ಬೆಳೆಯಿತು. ಒಂದು ಕಡೆ ಅಮೆರಿಕದಲ್ಲಿ ಜೆಫ್ ಕೂಪರ್ ಎಂಬ ಮಾಜಿ ಮರೀನ್ ಅಧಿಕಾರಿ 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್‌ನಲ್ಲಿ ಪಿಸ್ತೂಲು ಸ್ಪರ್ಧೆಗಳನ್ನು ನಡೆಸುತ್ತಿದ್ದ. ಎಲ್ಲರೂ ಸೊಂಟದ ಹತ್ತಿರದಿಂದ ಒಂದೇ ಕೈಯಲ್ಲಿ ಹೊಡೆಯುತ್ತಿದ್ದರೆ, ಜ್ಯಾಕ್ ವೀವರ್ ಎಂಬ ಡೆಪ್ಯುಟಿ ಶೆರೀಫ್ ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಕ್ಷಣಮಾತ್ರ ಗುರಿಮುಳ್ಳು ನೋಡಿ ಹೊಡೆದು ಗೆಲ್ಲತೊಡಗಿದ. ಕೂಪರ್ ಅದನ್ನೇ ಒಂದು ಪದ್ಧತಿಯಾಗಿ ಬೆಳೆಸಿದ. ಫೇರ್‌ಬೇರ್ನ್ ಸರಿಯೋ ಕೂಪರ್ ಸರಿಯೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ, ನಮ್ಮಲ್ಲಿ ಕಾಫಿ ಮೇಲೋ ಟೀ ಮೇಲೋ ಅನ್ನುವ ಹಾಗೆ! ಆದರೆ ಒತ್ತೆಯಾಳು ಪಕ್ಕದಲ್ಲೇ ನಿಂತಿರುವಾಗ ವೇಗ ಒಂದೇ ಸಾಲದು, ಗುಂಡು ಎಲ್ಲಿ ಹೋಗುತ್ತದೆ ಅನ್ನುವ ಖಾತ್ರಿಯೂ ಬೇಕು. ಪಾಯಿಂಟ್ ಶೂಟಿಂಗ್ ಪೂರ್ತಿ ಮಾಯವಾಗಲಿಲ್ಲ, ಆದರೆ ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತುವುದೇ ಹೆಚ್ಚಿನ ಪಡೆಗಳಲ್ಲಿ ರೂಢಿಯಾಯಿತು.

ಇನ್ನೊಂದು ಕವಲು ಬ್ರಿಟನ್ನಿನ ಎಸ್‌ಎಎಸ್ ಪಡೆಯದು. 1941ರಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಡೇವಿಡ್ ಸ್ಟರ್ಲಿಂಗ್ ಕಟ್ಟಿದ ಪಡೆ ಇದು. ಮಲಯಾದ ಕಾಡುಗಳಲ್ಲಿ ಹೋರಾಡುವಾಗ ಸಿಕ್ಕಸಿಕ್ಕವರನ್ನು ಸೇರಿಸಿಕೊಂಡರೆ ಆಗುವುದಿಲ್ಲ ಅಂತ ಗೊತ್ತಾಗಿ, 1952ರಲ್ಲಿ ಜಾನ್ ವುಡ್‌ಹೌಸ್ ಎಂಬ ಅಧಿಕಾರಿ ವೇಲ್ಸ್‌ನ ಬೆಟ್ಟಗಳಲ್ಲಿ ಆಯ್ಕೆ ಪರೀಕ್ಷೆ ಶುರುಮಾಡಿದ. ಬ್ರೆಕನ್ ಬೀಕನ್ಸ್ ಅನ್ನುವ ಆ ಬೆಟ್ಟಸಾಲಿನಲ್ಲಿ ಬೆನ್ನ ಮೇಲೆ ಹೊರೆ, ಕೈಯಲ್ಲಿ ರೈಫಲ್, ಒಂದು ನಕ್ಷೆ, ಒಂದು ದಿಕ್ಸೂಚಿ. ಕೊನೆಯ ನಡಿಗೆ ಸುಮಾರು 64 ಕಿಲೋಮೀಟರು, 20 ಗಂಟೆಯೊಳಗೆ ಮುಗಿಸಬೇಕು. ಅಲ್ಲಿ ಯಾರೂ ಬೈಯುವುದಿಲ್ಲ, ಹುರಿದುಂಬಿಸುವುದೂ ಇಲ್ಲ. ಸಾಕಾದವನು ಸಾಕು ಅನ್ನಬಹುದು, ಲಾರಿ ಹತ್ತಿ ವಾಪಸು ಹೋಗಬಹುದು. ಒಂಟಿಯಾಗಿ, ದಣಿದು, ದಾರಿ ತಪ್ಪುವ ಭಯದಲ್ಲಿ ಇರುವಾಗಲೂ ಇವನ ತಲೆ ಸರಿಯಾಗಿ ಕೆಲಸ ಮಾಡುತ್ತದೆಯೇ ಅನ್ನುವುದೇ ಪರೀಕ್ಷೆ. ಕೋಣೆಯೊಳಗೆ ನುಗ್ಗುವವನಿಗೆ ಬೇಕಾದದ್ದೂ ಅದೇ ತಣ್ಣಗಿನ ತಲೆ ತಾನೇ? 2013ರ ಜುಲೈನ ಬಿರುಬಿಸಿಲಿನಲ್ಲಿ ಇದೇ ಬೆಟ್ಟಗಳಲ್ಲಿ ಆಯ್ಕೆ ನಡಿಗೆಗೆ ಹೋಗಿದ್ದ ಮೂವರು ಮೀಸಲು ಸೈನಿಕರು ಬಿಸಿಲಿನ ಝಳಕ್ಕೆ ಸಿಕ್ಕಿ ಸತ್ತರು. ತರಬೇತಿಯೇ ಪ್ರಾಣ ತೆಗೆಯಬಹುದು ಅನ್ನುವುದು ಬರೀ ಮಾತಲ್ಲ.

ಇಷ್ಟೆಲ್ಲ ಇದ್ದರೂ ಒತ್ತೆಯಾಳುಗಳನ್ನು ಬಿಡಿಸುವ ವಿದ್ಯೆ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1972ರ ಸೆಪ್ಟೆಂಬರಿನಲ್ಲಿ, ಮ್ಯೂನಿಕ್ ಒಲಿಂಪಿಕ್ಸ್‌ನ ದುರಂತದಲ್ಲಿ.

ಎಂಟು ಮಂದಿ ಬಂದೂಕುಧಾರಿಗಳು ಒಲಿಂಪಿಕ್ ಗ್ರಾಮಕ್ಕೆ ನುಗ್ಗಿ ಇಸ್ರೇಲಿನ ಇಬ್ಬರನ್ನು ಕೊಂದು ಒಂಬತ್ತು ಜನರನ್ನು ಒತ್ತೆ ಇಟ್ಟುಕೊಂಡರು. ರಾತ್ರಿ ಅವರನ್ನು ಫ್ಯುರ್ಸ್ಟೆನ್‌ಫೆಲ್ಡ್‌ಬ್ರುಕ್ ವಾಯುನೆಲೆಗೆ ಕರೆತಂದಾಗ ಹೊಡೆಯಬೇಕು ಅನ್ನುವುದು ಜರ್ಮನ್ ಪೊಲೀಸರ ಯೋಜನೆ. ಬಂದೂಕುಧಾರಿಗಳು ಎಂಟು, ಗುರಿಕಾರರು ಐದು. ಆ ಐವರಿಗೂ ವಿಶೇಷ ತರಬೇತಿ ಇಲ್ಲ. ರೈಫಲ್‌ಗಳಿಗೆ ದುರ್ಬೀನು ಇಲ್ಲ, ರಾತ್ರಿ ಕಾಣುವ ಉಪಕರಣ ಇಲ್ಲ, ಒಬ್ಬರಿಗೊಬ್ಬರು ಮಾತಾಡಲು ರೇಡಿಯೋ ಇಲ್ಲ. ವಿಮಾನದೊಳಗೆ ಸಿಬ್ಬಂದಿಯ ವೇಷದಲ್ಲಿ ಕೂತಿದ್ದ ಪೊಲೀಸರು ಇದು ಆತ್ಮಹತ್ಯೆ ಅಂತ ತಮ್ಮತಮ್ಮಲ್ಲೇ ತೀರ್ಮಾನಿಸಿ ಎದ್ದು ಹೋದರು. ಕರೆಸಿದ ಶಸ್ತ್ರಸಜ್ಜಿತ ವಾಹನಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವು. ಒಂಬತ್ತೂ ಒತ್ತೆಯಾಳುಗಳು ಸತ್ತರು, ಒಬ್ಬ ಪೊಲೀಸನೂ ಸತ್ತ. ಧೈರ್ಯದ ಕೊರತೆ ಅಂತ ಇದನ್ನು ಹೇಳುವುದು ಸುಲಭ. ಆದರೆ ಅಭ್ಯಾಸವೇ ಇಲ್ಲದ ಕೆಲಸಕ್ಕೆ ಮನುಷ್ಯರನ್ನು ಕಳಿಸಿದ್ದು ಅಲ್ಲಿನ ದೊಡ್ಡ ತಪ್ಪು.

ಮೂರು ವಾರದೊಳಗೆ ಪಶ್ಚಿಮ ಜರ್ಮನಿ ಜಿಎಸ್‌ಜಿ 9 ಅನ್ನುವ ಪಡೆ ಕಟ್ಟಲು ಆದೇಶ ಕೊಟ್ಟಿತು. ಅದರ ನಾಯಕ ಉಲ್ರಿಶ್ ವೆಗೆನರ್. ಬ್ರಿಟನ್ ಸರ್ಕಾರ ಎಸ್‌ಎಎಸ್‌ಗೆ ಅದೇ ಕೆಲಸ ವಹಿಸಿತು. ಹೆರೆಫರ್ಡ್‌ನ ತಮ್ಮ ನೆಲೆಯಲ್ಲಿ ಎಸ್‌ಎಎಸ್‌ನವರು ಕಟ್ಟಿದ ಮನೆಗೆ 'ಕಿಲ್ಲಿಂಗ್ ಹೌಸ್' ಅಂತ ಹೆಸರು. ಹೆಸರು ಭಯಂಕರ, ಆದರೆ ಕಲಿಸಿದ್ದು ಅದಕ್ಕೆ ತದ್ವಿರುದ್ಧ. ಗುಂಡು ಪುಟಿಯದಂತೆ ಗೋಡೆಗಳಿಗೆ ರಬ್ಬರಿನ ಹೊದಿಕೆ. ಒಳಗೆ ಮೇಜು, ಕುರ್ಚಿ, ಉಗ್ರರ ಚಿತ್ರದ ಹಲಗೆಗಳು. ಅವುಗಳ ನಡುವೆ ನಿಜವಾದ ಜೀವಂತ ಮನುಷ್ಯ ಒತ್ತೆಯಾಳಾಗಿ ಕೂತಿರುತ್ತಾನೆ! ಬಾಗಿಲು ಸಿಡಿದು ಒಳಗೆ ಬಂದವರು ನಿಜವಾದ ಗುಂಡುಗಳಿಂದಲೇ ಅವನ ಅಕ್ಕಪಕ್ಕದ ಹಲಗೆಗಳಿಗೆ ಹೊಡೆಯಬೇಕು. ಇವತ್ತು ಹೊಡೆಯುವವನು ನಾಳೆ ಆ ಕುರ್ಚಿಯಲ್ಲಿ ಕೂರಬೇಕು. ಮಂತ್ರಿಗಳೂ ರಾಜಮನೆತನದವರೂ ಆ ಕುರ್ಚಿಯಲ್ಲಿ ಕೂತದ್ದುಂಟು. ಹೀಗೆ ಒತ್ತೆಯಾಳಾಗಿ ಕೂತಿದ್ದ ಎಸ್‌ಎಎಸ್ ಸೈನಿಕನೊಬ್ಬ ಅಭ್ಯಾಸದಲ್ಲಿಯೇ ಸತ್ತದ್ದೂ ಉಂಟು.

ಫೇರ್‌ಬೇರ್ನ್‌ನ ಭೂತದ ಮನೆಗೂ ಈ ಮನೆಗೂ ವ್ಯತ್ಯಾಸ ಇಷ್ಟೇ. ಅಲ್ಲಿ ಕಂಡವನಿಗೆಲ್ಲ ಹೊಡೆ. ಇಲ್ಲಿ ಮೊದಲು ನೋಡು, ಕೈ ನೋಡು, ಕೈಯಲ್ಲಿ ಏನಿದೆ ನೋಡು, ಆಮೇಲೆ ಹೊಡೆ ಅಥವಾ ಬಿಡು.

ಕೋಣೆಗೆ ನುಗ್ಗುವ ಕ್ರಮವೂ ಇದರ ಮೇಲೆಯೇ ನಿಂತಿದೆ. ಬಾಗಿಲಿನ ಚೌಕಟ್ಟಿನಲ್ಲಿ ನಿಂತವನು ಒಳಗಿನವರಿಗೆಲ್ಲ ಸುಲಭದ ಗುರಿ, ಹಾಗಾಗಿ ಅಲ್ಲಿ ಯಾರೂ ನಿಲ್ಲುವುದಿಲ್ಲ. ಒಬ್ಬ ಒಂದು ಬದಿಗೆ ಸರಿದರೆ ಹಿಂದಿನವನು ಇನ್ನೊಂದು ಬದಿಗೆ. ಕೋಣೆಯ ಯಾವ ಭಾಗ ಯಾರದು ಅಂತ ಮೊದಲೇ ನಿರ್ಧಾರ. ಜೊತೆಗಾರನ ಮೈ ಮೇಲೆ ನಳಿಗೆಯ ಬಾಯಿ ಹಾಯಬಾರದು. ಹೊಡೆಯಬೇಕು ಅಂತ ನಿರ್ಧಾರ ಆಗುವವರೆಗೂ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಕೇಳಲು ಏನೂ ವಿಶೇಷವಿಲ್ಲ, ನಮ್ಮ ಯಕ್ಷಗಾನದವರ ಹೆಜ್ಜೆಯ ಹಾಗೆ. ಸಾವಿರ ಸಲ ಮಾಡಿದ ಮೇಲೆ ಹೆಜ್ಜೆ ತಾನಾಗಿ ಬೀಳುತ್ತದೆ, ತಲೆ ಖಾಲಿಯಾಗಿ ಉಳಿಯುತ್ತದೆ. ಆ ಖಾಲಿ ತಲೆ ಬೇಕಿರುವುದು ಒಂದೇ ಕೆಲಸಕ್ಕೆ: ಎದುರಿಗಿರುವವನು ಯಾರು ಅಂತ ಗುರುತಿಸಲು.

ಅವರ ಸಾಮಾನು ಸರಂಜಾಮು ನೋಡಿದರೂ ಇದೇ ತರ್ಕ. ಹಳೆಯ ಸ್ಟೆನ್ ಗನ್‌ನಂಥವುಗಳಲ್ಲಿ ಟ್ರಿಗರ್ ಒತ್ತಿದ ಮೇಲೆ ಒಳಗಿನ ಭಾರದ ಬೋಲ್ಟ್ ಮುಂದಕ್ಕೆ ಅಪ್ಪಳಿಸಿ ಗುಂಡು ಸಿಡಿಯುತ್ತಿತ್ತು. ಆ ಹೊಡೆತಕ್ಕೇ ಗುರಿ ಅಲ್ಲಾಡುತ್ತಿತ್ತು. ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿ 1960ರ ದಶಕದಲ್ಲಿ ತಂದ ಎಂಪಿ5ನಲ್ಲಿ ಬೋಲ್ಟ್ ಮೊದಲೇ ಮುಚ್ಚಿರುತ್ತದೆ. ಹಾಗಾಗಿ ಮೊದಲ ಗುಂಡು ಇಟ್ಟ ಗುರಿಗೇ ಹೋಗುತ್ತದೆ. ಒತ್ತೆಯಾಳಿನ ಕಿವಿಯ ಪಕ್ಕದಲ್ಲಿ ಹೊಡೆಯಬೇಕಾದವನಿಗೆ ಈ ಸಣ್ಣ ವ್ಯತ್ಯಾಸವೇ ದೊಡ್ಡದು. 'ಸ್ಟನ್ ಗ್ರೆನೇಡ್' ಅನ್ನುವುದು ಕಿವಿ ಗಡಚಿಕ್ಕುವ ಸದ್ದು ಮತ್ತು ಕಣ್ಣು ಕುಕ್ಕುವ ಬೆಳಕು ಮಾತ್ರ ಕೊಡುವ ಪಟಾಕಿ. ಚೂರು ಸಿಡಿದು ಕೊಲ್ಲುವುದಿಲ್ಲ, ಕೆಲವು ಸೆಕೆಂಡು ಎಲ್ಲರನ್ನೂ ಕಕ್ಕಾಬಿಕ್ಕಿ ಮಾಡುತ್ತದೆ. ಬಂದೂಕಿಗೆ ಕಟ್ಟಿದ ಟಾರ್ಚು ಕತ್ತಲಲ್ಲಿ ಎದುರಿಗಿರುವವನ ಕೈ ನೋಡಲು. ಕಪ್ಪು ಉಡುಪು ಮತ್ತು ಗ್ಯಾಸ್ ಮಾಸ್ಕ್ ಅಶ್ರುವಾಯುವಿನಿಂದ ಉಳಿಯಲು, ಜೊತೆಗೆ ನೋಡಿದವನ ಎದೆ ಒಂದು ಕ್ಷಣ ನಿಲ್ಲಲು. ಎಲ್ಲವೂ ಆ ಅರ್ಧ ಸೆಕೆಂಡನ್ನು ಸಂಪಾದಿಸುವ ಉಪಾಯಗಳೇ. ಮುಂದೆ ಎದುರಾಳಿಗಳೂ ಗುಂಡು ನಿರೋಧಕ ಕವಚ ತೊಡಲು ಶುರುಮಾಡಿದ ಮೇಲೆ ಎಂಪಿ5ನ ಪಿಸ್ತೂಲು ಗುಂಡು ಸಾಲದಾಗಿ, ಅನೇಕ ಪಡೆಗಳು ಗಿಡ್ಡ ರೈಫಲ್‌ಗಳಿಗೆ ಬದಲಾದವು.

ಈ ವಿದ್ಯೆಯ ಪರೀಕ್ಷೆಗಳು ಒಂದರ ಹಿಂದೊಂದು ಬಂದವು. 1976ರ ಜುಲೈ 4ರಂದು ಉಗಾಂಡದ ಎಂಟೆಬೆಯಲ್ಲಿ ಇಸ್ರೇಲಿ ಕಮಾಂಡೋಗಳು ನೂರಕ್ಕೂ ಹೆಚ್ಚು ಒತ್ತೆಯಾಳುಗಳನ್ನು ಬಿಡಿಸಿ ತಂದರು. ಎಲ್ಲರೂ ಮಲಗಿ ಅಂತ ಹೀಬ್ರೂ ಭಾಷೆಯಲ್ಲಿ ಕೂಗುತ್ತಲೇ ಒಳಗೆ ನುಗ್ಗಿದ್ದರು. ಆದರೂ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಆ ಗಲಿಬಿಲಿಯಲ್ಲಿ ಎದ್ದು ನಿಂತ, ಬಿಡಿಸಲು ಬಂದವರ ಗುಂಡಿಗೇ ಸತ್ತ. ಜಗತ್ತು ಹೊಗಳುವ ಕಾರ್ಯಾಚರಣೆಯೊಳಗೂ ಅಂಥದ್ದೊಂದು ಸಾವು ಇದೆ. 1977ರ ಅಕ್ಟೋಬರ್ 18ರಂದು ಸೋಮಾಲಿಯಾದ ಮೊಗದಿಶುವಿನಲ್ಲಿ ಲುಫ್ತಾನ್ಸಾದ 'ಲ್ಯಾಂಡ್ಸ್‌ಹೂಟ್' ವಿಮಾನಕ್ಕೆ ಜಿಎಸ್‌ಜಿ 9 ನುಗ್ಗಿತು. ಸ್ಟನ್ ಗ್ರೆನೇಡ್ ಹಿಡಿದ ಇಬ್ಬರು ಎಸ್‌ಎಎಸ್‌ನವರೂ ಜೊತೆಗಿದ್ದರು. ಒಳಗಿದ್ದ 86 ಒತ್ತೆಯಾಳುಗಳೂ ಬದುಕಿದರು. ಮ್ಯೂನಿಕ್‌ಗೂ ಇದಕ್ಕೂ ನಡುವೆ ಇದ್ದದ್ದು ಐದೇ ವರ್ಷದ ಅಭ್ಯಾಸ.

ಇನ್ನು 1980ರ ಲಂಡನ್. ಆರು ಬಂದೂಕುಧಾರಿಗಳು ಏಪ್ರಿಲ್ 30ರಂದು ಇರಾನ್ ರಾಯಭಾರ ಕಚೇರಿಯಲ್ಲಿ 26 ಜನರನ್ನು ಹಿಡಿದಿಟ್ಟರು. ಎಸ್‌ಎಎಸ್ ಆ ಕಟ್ಟಡದ ಮಾದರಿಯನ್ನು ಬೇರೆ ಕಡೆ ಕಟ್ಟಿಕೊಂಡು ಅಭ್ಯಾಸ ಮಾಡಿತು. ಮುಂಬಾಗಿಲು ಉಕ್ಕಿನದು, ಕೆಳಗಿನ ಕಿಟಕಿಗಳಿಗೆ ಗುಂಡು ನಿರೋಧಕ ಗಾಜು ಅಂತ ತಿಳಿಸಿದ್ದು ಆ ಕಟ್ಟಡ ನೋಡಿಕೊಳ್ಳುತ್ತಿದ್ದ ಕೆಲಸಗಾರ. ಸುತ್ತಿಗೆ ಸಾಲದು, ಸಿಡಿಮದ್ದು ಬೇಕು ಅಂತ ಯೋಜನೆ ಬದಲಾಯಿತು. ಮೇ 5ರ ಸಂಜೆ ಒಬ್ಬ ಒತ್ತೆಯಾಳಿನ ಹೆಣ ಹೊರಗೆ ಬಿದ್ದ ಮೇಲೆ ದಾಳಿಗೆ ಅಪ್ಪಣೆ ಸಿಕ್ಕಿತು. ಹಗ್ಗದಲ್ಲಿ ಇಳಿಯುತ್ತಿದ್ದವನೊಬ್ಬ ಸಿಕ್ಕಿಹಾಕಿಕೊಂಡು ಬೆಂಕಿಯಲ್ಲಿ ಸುಟ್ಟುಕೊಂಡ, ಸಮಯಕ್ಕೆ ಮುಂಚೆಯೇ ಕಿಟಕಿ ಒಡೆಯಿತು, ಯೋಜನೆ ಏರುಪೇರಾಯಿತು. ಆದರೂ 17 ನಿಮಿಷದಲ್ಲಿ ಎಲ್ಲ ಮುಗಿದು, ಒಳಗೆ ಉಳಿದಿದ್ದವರಲ್ಲಿ 19 ಜನ ಬದುಕಿ ಹೊರಬಂದರು. ಟಿವಿಯಲ್ಲಿ ನೇರವಾಗಿ ನೋಡಿದ ಜಗತ್ತು ಚಪ್ಪಾಳೆ ತಟ್ಟಿತು.

ಚಪ್ಪಾಳೆಯಲ್ಲಿ ಕೇಳಿಸದೆ ಹೋದದ್ದು ಟೆಲೆಕ್ಸ್ ಕೋಣೆಯ ಕಥೆ. ಅಲ್ಲಿದ್ದ ಬಂದೂಕುಧಾರಿಗಳು ದಾಳಿ ಶುರುವಾದಾಗ ಒತ್ತೆಯಾಳುಗಳ ಮೇಲೆ ಗುಂಡು ಹಾರಿಸಿದರು, ಒಬ್ಬ ಸತ್ತ. ಆಮೇಲೆ ಅವರು ಆಯುಧ ಎಸೆದಿದ್ದರು, ಸೈನಿಕರು ಬಂದು ಅವರನ್ನು ಕೊಂದರು ಅಂತ ಬದುಕಿ ಬಂದ ಕೆಲವು ಒತ್ತೆಯಾಳುಗಳೇ ಹೇಳಿದರು. ವಿಚಾರಣೆಯಲ್ಲಿ ಆ ಸಾವುಗಳು ಕಾನೂನುಬದ್ಧ ಎಂಬ ತೀರ್ಪು ಬಂತು. ಆ ಕೋಣೆಯಲ್ಲಿ ಹೊಗೆ ತುಂಬಿತ್ತು, ಗ್ರೆನೇಡ್ ಇರಬಹುದಿತ್ತು, ಎಲ್ಲ ನಿಜ. ಆದರೂ ಪ್ರಶ್ನೆ ಉಳಿಯುತ್ತದೆ. ಕೈ ನೋಡು ಅಂತ ಕಲಿಸಿದ ಮೇಲೆ, ಖಾಲಿ ಕೈ ಕಂಡರೆ ಏನು ಮಾಡಬೇಕು? ಆ ಆರು ಜನರಲ್ಲಿ ಬದುಕಿ ಸಿಕ್ಕಿದವನು ಒಬ್ಬನೇ. ಕೋರ್ಟಿನಲ್ಲಿ ನಿಂತು ಶಿಕ್ಷೆ ಅನುಭವಿಸಿದವನೂ ಅವನೊಬ್ಬನೇ.

ಈಗ ನಮ್ಮ ದೇಶಕ್ಕೆ ಬರೋಣ. 1984ರ ಬ್ಲೂಸ್ಟಾರ್ ಕಾರ್ಯಾಚರಣೆಯಲ್ಲಿ ಸ್ವರ್ಣಮಂದಿರಕ್ಕೆ ಸೈನ್ಯ ಮತ್ತು ಟ್ಯಾಂಕು ನುಗ್ಗಿದ್ದರ ಪರಿಣಾಮ ನಮಗೆಲ್ಲ ಗೊತ್ತು. ಅದೇ ವರ್ಷ, ಎಸ್‌ಎಎಸ್ ಮತ್ತು ಜಿಎಸ್‌ಜಿ 9 ಮಾದರಿಯಲ್ಲಿ ಎನ್‌ಎಸ್‌ಜಿ ಕಟ್ಟುವ ಕೆಲಸ ಶುರುವಾಯಿತು. ಹರಿಯಾಣದ ಮಾನೇಸರ್‌ನಲ್ಲಿ ಇದರ ತರಬೇತಿ ಕೇಂದ್ರ, ಕಪ್ಪು ಉಡುಪಿನಿಂದಾಗಿ 'ಬ್ಲ್ಯಾಕ್ ಕ್ಯಾಟ್' ಅನ್ನುವ ಅಡ್ಡಹೆಸರು. ನಾಲ್ಕು ವರ್ಷದ ನಂತರ, 1988ರ ಮೇನಲ್ಲಿ, ಅದೇ ಸ್ವರ್ಣಮಂದಿರಕ್ಕೆ ಮತ್ತೆ ಉಗ್ರರು ಸೇರಿಕೊಂಡಾಗ ಎನ್‌ಎಸ್‌ಜಿ ಒಳಗೆ ನುಗ್ಗುವ ಅವಸರ ಮಾಡಲಿಲ್ಲ. ಸುತ್ತ ಗುರಿಕಾರರನ್ನು ಕೂರಿಸಿ, ನೀರು ಮತ್ತು ಆಹಾರ ಸಿಗದಂತೆ ಮಾಡಿ ಕಾಯಿತು. ಕೊನೆಗೆ ಹೆಚ್ಚಿನವರು ಕೈ ಎತ್ತಿ ಹೊರಗೆ ಬಂದರು. ನುಗ್ಗಲು ಕಲಿತವರು ನುಗ್ಗದೆಯೇ ಗೆದ್ದ ಈ ಕಥೆಯನ್ನು ನಮ್ಮಲ್ಲಿ ಯಾರೂ ಸಿನಿಮಾ ಮಾಡುವುದಿಲ್ಲ, ಯಾಕೆಂದರೆ ಅದರಲ್ಲಿ ಢಂ ಢಂ ಕಡಿಮೆ!

1993ರ ಏಪ್ರಿಲ್‌ನಲ್ಲಿ ಅಪಹರಣಗೊಂಡ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಮೃತಸರದಲ್ಲಿ ಇಳಿದಾಗ, ನಡುರಾತ್ರಿ ಎನ್‌ಎಸ್‌ಜಿ ಒಳಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಅಪಹರಣಕಾರನನ್ನು ಹೊಡೆದು 141 ಜನರನ್ನೂ ಉಳಿಸಿತು. ಆರು ವರ್ಷದ ನಂತರ, 1999ರ ಡಿಸೆಂಬರ್ 24ರಂದು, ಅದೇ ಅಮೃತಸರದಲ್ಲಿ ಐಸಿ 814 ಮುಕ್ಕಾಲು ಗಂಟೆಯಷ್ಟು ಹೊತ್ತು ನಿಂತಿತ್ತು. ಎನ್‌ಎಸ್‌ಜಿ ಬಂದು ತಲುಪುವ ಮೊದಲೇ ಹಾರಿಹೋಯಿತು. ಮುಂದಿನದು ಕಂದಹಾರ್. ಎಂಥ ವಿದ್ಯೆ ಕಲಿತರೂ ಆ ನಾಲ್ಕು ಗಜದ ಹತ್ತಿರ ತಲುಪದಿದ್ದರೆ ಏನು ಪ್ರಯೋಜನ?

2008ರ ನವೆಂಬರ್ 26ರ ರಾತ್ರಿ ಮುಂಬೈನಲ್ಲೂ ಅದೇ ಆಯಿತು. ಆಗ ಎನ್‌ಎಸ್‌ಜಿಯ ನೆಲೆ ಮುಂಬೈನಲ್ಲಿ ಇರಲಿಲ್ಲ. ದೆಹಲಿಯಿಂದ ವಿಮಾನದಲ್ಲಿ ಬಂದು ಕೆಲಸಕ್ಕೆ ಇಳಿಯುವಾಗ 27ರ ಬೆಳಗಾಗಿತ್ತು. ತಾಜ್ ಹೋಟೆಲಿನಲ್ಲಿ ನೂರಾರು ಕೋಣೆಗಳು, ಬೆಂಕಿ, ಹೊಗೆ, ಕೋಣೆಗಳೊಳಗೆ ಬಾಗಿಲು ಹಾಕಿಕೊಂಡು ಅಡಗಿದ್ದ ಅತಿಥಿಗಳು. ಪ್ರತಿ ಬಾಗಿಲ ಹಿಂದೆಯೂ ಅದೇ ಹಳೆಯ ಪ್ರಶ್ನೆ: ಒಳಗಿರುವವನು ಯಾರು? ಬರೀ ಹೊಡೆಯುವುದಷ್ಟೇ ಆಗಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಉಳಿಸಬೇಕಾಗಿದ್ದರಿಂದ 29ರ ಬೆಳಗಿನವರೆಗೆ ಹಿಡಿಯಿತು. ಗಾಯಗೊಂಡ ಜೊತೆಗಾರನನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವ ವ್ಯವಸ್ಥೆ ಮಾಡಿ, ತಾನು ಉಗ್ರರ ಬೆನ್ನುಹತ್ತಿ ಹೋದ ನಮ್ಮ ಬೆಂಗಳೂರಿನ ಹುಡುಗ ಮೇಜರ್ ಸಂದೀಪ್ ಉನ್ನಿಕೃಷ್ಣನ್ 28ರಂದು ತಾಜ್‌ನಲ್ಲೇ ಪ್ರಾಣ ಬಿಟ್ಟರು. ಯಲಹಂಕದ ಕಡೆ ಓಡಾಡುವವರು ಅವರ ಹೆಸರಿನ ರಸ್ತೆಯಲ್ಲಿ ಹೋಗಿಯೇ ಇರುತ್ತೀರಿ. ನಾರಿಮನ್ ಹೌಸ್‌ನಲ್ಲಿ ಹವಾಲ್ದಾರ್ ಗಜೇಂದ್ರ ಸಿಂಗ್ ಬಿಷ್ಟ್ ಸತ್ತರು. 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಎನ್‌ಎಸ್‌ಜಿ ನೆಲೆಗಳು ಬಂದವು. ಮತ್ತೆ ಅದೇ ಕ್ರಮ ನೋಡಿ. ಮೊದಲು ಸಾವು, ಆಮೇಲೆ ಪಾಠ.

ಆದರೆ ನನ್ನ ಮಟ್ಟಿಗೆ ಆ ಮೂರು ದಿನಗಳಲ್ಲಿ ನಾಲ್ಕು ಗಜದ ಯುದ್ಧದ ಅತಿ ದೊಡ್ಡ ಘಟನೆ ನಡೆದದ್ದು ತಾಜ್‌ನಲ್ಲಿ ಅಲ್ಲ, 26ರ ರಾತ್ರಿ ಗಿರ್ಗಾಂವ್ ಚೌಪಾಟಿಯ ರಸ್ತೆಯಲ್ಲಿ. ಸಹಾಯಕ ಸಬ್ ಇನ್ಸ್‌ಪೆಕ್ಟರ್ ತುಕಾರಾಂ ಓಂಬ್ಳೆ ಅವರ ಬಳಿ ಎಂಪಿ5 ಇರಲಿಲ್ಲ, ಕವಚ ಇರಲಿಲ್ಲ, ಇದ್ದದ್ದು ಒಂದು ಲಾಠಿ. ಕಾರಿನಿಂದಿಳಿದ ಕಸಬ್‌ನ ಎಕೆ 47 ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗುಂಡುಗಳು ಅವರ ದೇಹಕ್ಕೆ ಹೊಕ್ಕರೂ ಬಿಡಲಿಲ್ಲ. ಅಷ್ಟರಲ್ಲಿ ಉಳಿದ ಪೊಲೀಸರು ಕಸಬ್‌ನನ್ನು ಹಿಡಿದರು, ಜೀವಂತ! ಹತ್ತು ಜನರಲ್ಲಿ ಬದುಕಿ ಸಿಕ್ಕಿದವನು ಅವನೊಬ್ಬನೇ. ಈ ದಾಳಿ ಎಲ್ಲಿ ತಯಾರಾಯಿತು, ಯಾರು ಕಳಿಸಿದರು ಅನ್ನುವುದನ್ನು ನಮ್ಮ ದೇಶ ಜಗತ್ತಿನ ಮುಂದೆ ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದರಲ್ಲಿ ಅವನು ಜೀವಂತ ಸಿಕ್ಕಿದ್ದರ ಪಾಲು ದೊಡ್ಡದು. ಓಂಬ್ಳೆ ಮತ್ತು ಸಂದೀಪ್ ಇಬ್ಬರಿಗೂ 2009ರ ಗಣರಾಜ್ಯೋತ್ಸವದಂದು ಮರಣೋತ್ತರ ಅಶೋಕ ಚಕ್ರ ಬಂತು.

ಕಪ್ಪು ಉಡುಪು, ಹಗ್ಗ, ಟಾರ್ಚು ಕಟ್ಟಿದ ಬಂದೂಕು ನೋಡಲು ಚೆನ್ನ. ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ? ಆದರೆ ಮುಂದಿನ ಸಲ ಪರದೆಯ ಮೇಲೆ ಬಾಗಿಲು ಒದ್ದು ನುಗ್ಗುವವನನ್ನು ನೋಡಿದಾಗ ಅವನು ಎಷ್ಟು ಜನರನ್ನು ಉರುಳಿಸಿದ ಅಂತ ಎಣಿಸಬೇಡಿ. ಯಾರನ್ನು ನೋಡಿ ಬೆರಳು ತಡೆದ ಅಂತ ನೋಡಿ. ಶಾಂಘೈನಿಂದ ಮುಂಬೈವರೆಗೆ ಇಷ್ಟು ಜನ ಪ್ರಾಣ ಕೊಟ್ಟು ಕಲಿಸಿದ ವಿದ್ಯೆ ಅದು.

ಏನಂತೀರಿ?